ಡ್ರಮ್ಮರನ ಬೆನ್ನು ಹತ್ತಿ



ಈ ದತ್ತಿಯ ಹಿಂದಿನ ಉಪನ್ಯಾಸಗಳೆಲ್ಲ ವಾಗ್ಗೇಯಕಾರರನ್ನೋ ವೀಣೆಯ ಬಾನಿಗಳನ್ನೋ ಕುರಿತವು. ಹಾಗಾಗಿ ಎಪ್ಪತ್ತರ ದಶಕದ ಮರೆತುಹೋದ ಜಾಝ್-ರಾಕ್ ಎಂದು ವಿಷಯ ಬರೆದುಕೊಟ್ಟಾಗ, ಆಹ್ವಾನ ಪತ್ರಿಕೆ ಅಚ್ಚು ಮಾಡುವವರು ಫೋನು ಮಾಡಿ ‘ಸರ್, ಇದೇನಾ?’ ಎಂದು ಖಚಿತಪಡಿಸಿಕೊಂಡರು. ಇದೇ. ಕೊನೆಗೆ ದಾರಿ ಈ ಬೆಂಗಳೂರಿಗೇ ಬರುತ್ತದೆ, ಸ್ವಲ್ಪ ತಾಳ್ಮೆಯಿರಲಿ.

ಮೈಲ್ಸ್ ಡೇವಿಸ್, ಮಹಾವಿಷ್ಣು ಆರ್ಕೆಸ್ಟ್ರಾ, ವೆದರ್ ರಿಪೋರ್ಟ್: ಈ ಹೆಸರುಗಳಿಗೆ ನನ್ನ ಶಿಫಾರಸು ಬೇಕಿಲ್ಲ. ಅವರ ಧ್ವನಿತಟ್ಟೆಗಳು ಎಂದೂ ಅಂಗಡಿಯಿಂದ ಮರೆಯಾದವಲ್ಲ. ನನ್ನ ಮಾತು ಅವರ ಆಚೀಚೆ ನಿಂತವರ ಬಗ್ಗೆ. ಎರಡೋ ಮೂರೋ ಎಲ್‌ಪಿ ತಂದು, ಒಂದೆರಡು ಉತ್ಸವಗಳಲ್ಲಿ ಚಪ್ಪಾಳೆ ಗಿಟ್ಟಿಸಿ, ಕಂಪನಿಯ ಪಟ್ಟಿಯಿಂದ ಸದ್ದಿಲ್ಲದೆ ಜಾರಿಹೋದವರು. ಅವರನ್ನು ಹುಡುಕುವುದು ಹೇಗೆ ಎಂದು ಕೇಳಿದರೆ ನನ್ನಲ್ಲಿ ಒಂದೇ ಉತ್ತರವಿದೆ. ತಂಡದ ಹೆಸರು ಹಿಡಿದು ಹುಡುಕಬೇಡಿ, ನುಡಿಸಿದವರ ಹೆಸರು ಹಿಡಿದು ಹೋಗಿ. ತಟ್ಟೆಯ ಹೊದಿಕೆಯ ಮುಂಬದಿಯಲ್ಲಿ ಬಣ್ಣದ ಚಿತ್ರವಿರುತ್ತದೆ. ಹಿಂಬದಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಯಾರು ಏನು ನುಡಿಸಿದರು ಎಂದಿರುತ್ತದೆ. ಓದಬೇಕಾದ್ದು ಅದನ್ನು.

ನಮ್ಮ ವೃತ್ತಿರಂಗಭೂಮಿಯ ಕಂಪನಿಗಳನ್ನು ಬಲ್ಲವರಿಗೆ ಇದು ಹೊಸತಲ್ಲ. ಇಂದು ಈ ಕಂಪನಿಯಲ್ಲಿ ದುರ್ಯೋಧನನಾದವನು ಬರುವ ವರ್ಷ ಇನ್ನೊಂದರಲ್ಲಿ ಇರುತ್ತಿದ್ದ. ಕಂಪನಿ ಮುಳುಗಿದರೂ ಅವನ ಮಟ್ಟು ಅವನ ಜೊತೆಗೇ ಹೋಗುತ್ತಿತ್ತು. ಕಂಪನಿಯ ಹೆಸರಿಗೆ ಇತಿಹಾಸ ಬರೆದರೆ ಅರ್ಧ ನಟರು ಕಳೆದುಹೋಗುತ್ತಾರೆ. ಜಾಝ್-ರಾಕ್‌ನಲ್ಲಿ ಆದದ್ದೂ ಇದೇ.

ಇವತ್ತು ನಾನು ಹಿಡಿದಿರುವ ಹೆಸರು ಜಾನ್ ಮಾರ್ಷಲ್. ಇಂಗ್ಲೆಂಡಿನ ಡ್ರಮ್ಮರ್, 2023ರಲ್ಲಿ ತೀರಿಕೊಂಡರು. ರಾಕ್ ಕೇಳುವವರಲ್ಲೂ ಹೆಚ್ಚು ಮಂದಿ ಅವರ ಹೆಸರು ಕೇಳಿರಲಾರರು. ಆದರೆ ಅವರ ಬೆನ್ನು ಹತ್ತಿ ಹೊರಟರೆ ಲಂಡನ್ನಿನಿಂದ ಬೆಂಗಳೂರಿಗೆ ಎರಡೇ ಜಿಗಿತ.

ಮೊದಲ ನಿಲುಗಡೆ ‘ನ್ಯೂಕ್ಲಿಯಸ್’. 1969ರಲ್ಲಿ ಇದನ್ನು ಕಟ್ಟಿದವರು ಕಹಳೆಗಾರ ಇಯಾನ್ ಕಾರ್. ನ್ಯೂಕ್ಯಾಸಲ್‌ನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರು, ಬರೆಹಗಾರರು. ಬ್ರಿಟನ್ನಿನ ಸಮಕಾಲೀನ ಜಾಝ್ ಬಗ್ಗೆ 1973ರಲ್ಲಿ ‘ಮ್ಯೂಸಿಕ್ ಔಟ್‌ಸೈಡ್’ ಎಂಬ ಪುಸ್ತಕ, ಮುಂದೆ 1982ರಲ್ಲಿ ಮೈಲ್ಸ್ ಡೇವಿಸ್‌ನ ಜೀವನಚರಿತ್ರೆ ಬರೆದರು. ಅದಕ್ಕೂ ಮುಂಚೆ ಅರವತ್ತರ ದಶಕದಲ್ಲಿ ಸ್ಯಾಕ್ಸೋಫೋನಿನ ಡಾನ್ ರೆಂಡೆಲ್ ಜೊತೆ ‘ಶೇಡ್ಸ್ ಆಫ್ ಬ್ಲೂ’, ‘ಡಸ್ಕ್ ಫೈರ್’ ಎಂಬ ಸೊಗಸಾದ ಎಲ್‌ಪಿಗಳನ್ನು ಕೊಟ್ಟಿದ್ದರು. ಅವು ಶುದ್ಧ ಜಾಝ್, ವಿದ್ಯುತ್ತಿನ ವಾದ್ಯಗಳಿಲ್ಲ.

ನ್ಯೂಕ್ಲಿಯಸ್‌ನ ಮೊದಲ ತಟ್ಟೆ ‘ಎಲಾಸ್ಟಿಕ್ ರಾಕ್’. ಲಂಡನ್ನಿನ ಟ್ರೈಡೆಂಟ್ ಸ್ಟುಡಿಯೋದಲ್ಲಿ 1970ರ ಜನವರಿಯಲ್ಲಿ ಧ್ವನಿಮುದ್ರಣವಾಯಿತು. ಈ ತಿಂಗಳು ಮುಖ್ಯ. ಈ ಇಡೀ ಪ್ರಕಾರಕ್ಕೆ ತಾಯಿಬೇರು ಎಂದು ಎಲ್ಲರೂ ಹೇಳುವ ಮೈಲ್ಸ್‌ನ ‘ಬಿಚಸ್ ಬ್ರೂ’ ಆಗಿನ್ನೂ ಅಂಗಡಿಗೆ ಬಂದಿರಲಿಲ್ಲ, ಅದು ಬಂದದ್ದು ಆ ವರ್ಷದ ಮಾರ್ಚ್ ಕೊನೆಗೆ. ಮೈಲ್ಸ್‌ನ ಹಿಂದಿನ ವರ್ಷದ ‘ಇನ್ ಎ ಸೈಲೆಂಟ್ ವೇ’ ಗಾಳಿಯಲ್ಲಿತ್ತು, ನಿಜ. ಆದರೂ ಇಂಗ್ಲಿಷರು ಅಮೆರಿಕವನ್ನು ನೋಡಿ ನಕಲು ಹೊಡೆದರು ಎಂಬ ಮಾತು ಈ ತಟ್ಟೆಗೆ ಸಲ್ಲುವುದಿಲ್ಲ. ಕಿವಿಗೂ ಅದು ಗೊತ್ತಾಗುತ್ತದೆ. ಮೈಲ್ಸ್‌ನದು ದಟ್ಟ ಕಾಡು, ಎಷ್ಟು ಜನ ನುಡಿಸುತ್ತಿದ್ದಾರೆಂದೇ ತಿಳಿಯುವುದಿಲ್ಲ. ಕಾರ್ ಅವರದು ಆರೇ ಜನ, ನಡುನಡುವೆ ಬೇಕಾದಷ್ಟು ಬಯಲು.

‘ಟೋರಿಡ್ ಝೋನ್’ ಎಂಬ ತುಣುಕನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಜೆಫ್ ಕ್ಲೈನ್ ಬಾಸಿನಲ್ಲಿ ಒಂದೇ ಪಲುಕನ್ನು ತಿರುಗಿಸಿ ತಿರುಗಿಸಿ ನುಡಿಸುತ್ತಾರೆ. ಅದರ ಮೇಲೆ ಕಹಳೆ, ಸ್ಯಾಕ್ಸೋಫೋನುಗಳು ಅವಸರವಿಲ್ಲದೆ ತೇಲುತ್ತವೆ. ಈಗ ಡ್ರಮ್ಮಿಗೆ ಕಿವಿ ಕೊಡಿ. ರಾಕ್ ಡ್ರಮ್ಮರ್ ಆದರೆ ಎರಡನೆಯ, ನಾಲ್ಕನೆಯ ಪೆಟ್ಟನ್ನು ಒತ್ತಿ ಬಾರಿಸಿ ಗೂಟ ಹೊಡೆದಂತೆ ನಿಲ್ಲಿಸುತ್ತಾನೆ. ಜಾಝ್‌ನವನು ಲಯವನ್ನು ಕಂಚಿನ ತಟ್ಟೆಯ ಮೇಲೆ ಹರಿಯಬಿಟ್ಟು, ಪೆಟ್ಟುಗಳನ್ನು ಸಂಭಾಷಣೆಗೆ ಉಳಿಸಿಕೊಳ್ಳುತ್ತಾನೆ. ಮಾರ್ಷಲ್ ಬಲಗೈಯಲ್ಲಿ ಎರಡನೆಯವನು, ಎಡಗೈಯಲ್ಲಿ ಮೊದಲನೆಯವನು. ಗೂಟ ಇದೆ, ಆದರೆ ಹಗ್ಗ ಉದ್ದ. ಜಾಝ್-ರಾಕ್ ಎಂದರೇನು ಎಂದು ಯಾರಾದರೂ ಕೇಳಿದರೆ ಸಿದ್ಧಾಂತ ಹೇಳುವ ಬದಲು ನಾನು ಇದನ್ನು ಹಾಕಿ ಸುಮ್ಮನಾಗುತ್ತೇನೆ.

1970ರ ಜೂನ್‌ನಲ್ಲಿ ಸ್ವಿಟ್ಸರ್ಲೆಂಡಿನ ಮಾಂಟ್ರೋ ಉತ್ಸವದಲ್ಲಿ ಬಿಬಿಸಿಯ ಪರವಾಗಿ ನುಡಿಸಿ ನ್ಯೂಕ್ಲಿಯಸ್ ಮೊದಲ ಬಹುಮಾನ ಗೆದ್ದಿತು. ಅದರಿಂದಾಗಿ ಅಮೆರಿಕದ ನ್ಯೂಪೋರ್ಟ್ ಉತ್ಸವಕ್ಕೂ ಹೋಯಿತು. ಇಷ್ಟೆಲ್ಲ ಆದ ಮೇಲೂ ಮೂಲ ತಂಡ ಬಾಳಲಿಲ್ಲ. ಕಾರಣದಲ್ಲಿ ಗುಟ್ಟೇನೂ ಇಲ್ಲ. ಆರು ಜನರ ಹೊಟ್ಟೆಪಾಡು ಇಂಥ ಸಂಗೀತದಿಂದ ನಡೆಯುವುದಿಲ್ಲ. ಕ್ರಿಸ್ ಸ್ಪೆಡಿಂಗ್‌ನಂಥ ಗಿಟಾರ್ ವಾದಕನಿಗೆ ಸ್ಟುಡಿಯೋಗಳಲ್ಲಿ ಕೈತುಂಬ ಕೆಲಸ ಸಿಗುತ್ತಿತ್ತು. ಮಾರ್ಷಲ್ ಮೊದಲು ‘ಕ್ರೀಮ್’ ರಾಕ್ ತಂಡದಲ್ಲಿದ್ದ ಜ್ಯಾಕ್ ಬ್ರೂಸ್ ತಂಡಕ್ಕೆ, ಆಮೇಲೆ 1972ರಲ್ಲಿ ಇಂಗ್ಲೆಂಡಿನದೇ ಇನ್ನೊಂದು ಜಾಝ್-ರಾಕ್ ತಂಡ ‘ಸಾಫ್ಟ್ ಮಷೀನ್’ಗೆ ಹೋದರು. ಅದೇ ವರ್ಷ ಓಬೋ ಮತ್ತು ಕೀಬೋರ್ಡ್ ನುಡಿಸುವ ಕಾರ್ಲ್ ಜೆಂಕಿನ್ಸ್ ಕೂಡ ಅಲ್ಲಿಗೇ.

ಇಲ್ಲಿ ಒಂದು ಮಜವಿದೆ. ನ್ಯೂಕ್ಲಿಯಸ್‌ನ ಎರಡನೆಯ ಎಲ್‌ಪಿ ‘ವೀ ವಿಲ್ ಟಾಕ್ ಅಬೌಟ್ ಇಟ್ ಲೇಟರ್’ನ ಮೊದಲ ತುಣುಕು ‘ಸಾಂಗ್ ಫಾರ್ ದ ಬಿಯರ್ಡೆಡ್ ಲೇಡಿ’, ಜೆಂಕಿನ್ಸ್ ರಚನೆ. ಅದರ ಪಲ್ಲವಿಯಂಥ ಪಲುಕು ಒಮ್ಮೆ ಕೇಳಿದರೆ ಬಿಡುವುದಿಲ್ಲ. 1975ರಲ್ಲಿ ಸಾಫ್ಟ್ ಮಷೀನ್ ‘ಬಂಡಲ್ಸ್’ ಎಂಬ ಎಲ್‌ಪಿ ತಂದಿತು. ಅದರ ಆರಂಭದ ‘ಹಜಾರ್ಡ್ ಪ್ರೊಫೈಲ್’ ಹಾಕಿ. ಅದೇ ಪಲುಕು! ಈಗ ಒಂಬತ್ತು ನಿಮಿಷ ಮೀರಿ ಬೆಳೆದಿದೆ, ಮೇಲೆ ಆಲನ್ ಹೋಲ್ಡ್ಸ್‌ವರ್ತ್‌ನ ಗಿಟಾರ್ ಮಿಂಚಿನಂತೆ ಹರಿಯುತ್ತದೆ. ಹೊದಿಕೆಯ ಹಿಂಬದಿ ನೋಡಿದರೆ ಐವರಲ್ಲಿ ನಾಲ್ವರು, ಅಂದರೆ ಜೆಂಕಿನ್ಸ್, ಮಾರ್ಷಲ್, ಬಾಸಿನ ರಾಯ್ ಬ್ಯಾಬಿಂಗ್ಟನ್ ಮತ್ತು ಹೋಲ್ಡ್ಸ್‌ವರ್ತ್, ಒಂದಲ್ಲ ಒಂದು ಕಾಲದಲ್ಲಿ ಇಯಾನ್ ಕಾರ್ ಜೊತೆ ನುಡಿಸಿದವರೇ. ಹೆಸರು ಸಾಫ್ಟ್ ಮಷೀನ್‌ನದು, ಕೈಗಳು ನ್ಯೂಕ್ಲಿಯಸ್‌ನವು. ‘ಬಂಡಲ್ಸ್’ ಇಂದಿಗೂ ಮೆಚ್ಚುಗೆ ಪಡೆಯುತ್ತದೆ, ಮೂಲದ ಮಾತೆತ್ತುವವರು ಕಡಿಮೆ. (ಜೆಂಕಿನ್ಸ್ ಮುಂದೆ ‘ಆಡಿಯೆಮಸ್’ನಿಂದ ಲೋಕವಿಖ್ಯಾತರಾದರು, ಸರ್ ಪದವಿಯೂ ಬಂತು. 2023ರಲ್ಲಿ ಬ್ರಿಟನ್ನಿನ ರಾಜನ ಪಟ್ಟಾಭಿಷೇಕ ನೋಡಿದವರಿಗೆ ಒಬ್ಬ ಪೊದೆಮೀಸೆಯವರ ನೆನಪಿದ್ದರೆ, ಅವರೇ.)

ಇಷ್ಟು ಚೆನ್ನಾಗಿದ್ದದ್ದು ಮರೆತದ್ದೇಕೆ? ಜಾಝ್ ವಿಮರ್ಶಕರಿಗೆ ಇದು ಗದ್ದಲ, ರಾಕ್ ಕೇಳುಗರಿಗೆ ಇದು ಪಾಠ. ಅಂಗಡಿಯವನಿಗೆ ಯಾವ ಖಾನೆಯಲ್ಲಿಡಬೇಕೆಂಬ ಗೊಂದಲ. ನ್ಯೂಕ್ಲಿಯಸ್‌ನ ಕಂಪನಿ ವರ್ಟಿಗೋ, ಫಿಲಿಪ್ಸ್‌ನ ಕೂಸು. ‘ಎಲಾಸ್ಟಿಕ್ ರಾಕ್’ನ ವರ್ಷವೇ, 1970ರಲ್ಲಿ, ಅದೇ ಕಂಪನಿಯಿಂದ ಹೆವಿ ಮೆಟಲ್ ತಂಡ ‘ಬ್ಲ್ಯಾಕ್ ಸಬ್ಬತ್’ನ ಮೊದಲ ಎಲ್‌ಪಿ ಬಂತು. ಆ ಪಕ್ಕದಲ್ಲಿ ಓಬೋ ನುಡಿಸುವ ತಂಡಕ್ಕೆ ಜಾಹೀರಾತಿನಲ್ಲಿ ಎಷ್ಟು ಜಾಗ ಸಿಕ್ಕೀತು? 1973ರ ತೈಲ ಬಿಕ್ಕಟ್ಟಿನಲ್ಲಿ ತಟ್ಟೆಗೆ ಬೇಕಾದ ಪ್ಲಾಸ್ಟಿಕ್ಕಿಗೂ ಬರ ಬಂದಾಗ, ಮಾರಾಟವಿಲ್ಲದವು ಮೊದಲು ಹಿಂದೆ ಸರಿದವು. ಪಂಕ್ ಬಂದ ಮೇಲಂತೂ ಎಂಟು ನಿಮಿಷದ ತುಣುಕು ನುಡಿಸುವುದೇ ಅಪರಾಧವಾಯಿತು.

ಇನ್ನೊಂದು ವಿಚಿತ್ರ. ವರ್ಟಿಗೋದ ಹಳೆಯ ತಟ್ಟೆಗಳ ಒಂದು ಬದಿಯ ಲೇಬಲ್ಲಿನಲ್ಲಿ ತುಣುಕುಗಳ ವಿವರವೇ ಇಲ್ಲ, ಕಪ್ಪು-ಬಿಳಿ ಸುರುಳಿ ಮಾತ್ರ. ತಿರುಗುವಾಗ ನೋಡಿದರೆ ತಲೆ ಸುತ್ತುತ್ತದೆ. ಎರಡೂ ಬದಿಯ ವಿವರ ಇನ್ನೊಂದು ಬದಿಯಲ್ಲಿ. ಈ ಸುರುಳಿಗಾಗಿಯೇ ಇಂದು ಸಂಗ್ರಾಹಕರು ದುಬಾರಿ ಬೆಲೆ ಕೊಡುತ್ತಾರೆ. ‘ಎಲಾಸ್ಟಿಕ್ ರಾಕ್’ನ ಹೊದಿಕೆ ರೋಜರ್ ಡೀನ್ ವಿನ್ಯಾಸ, ನಡುವೆ ಕತ್ತರಿಸಿದ ಕಿಂಡಿಯಿಂದ ಒಳಗಿನ ಲಾವಾ ಕಾಣುತ್ತದೆ. ಅದಕ್ಕೂ ಬೆಲೆ. ಇಂಥ ತಟ್ಟೆಗಳನ್ನು ಗಾಜಿನ ಚೌಕಟ್ಟಿನಲ್ಲಿಟ್ಟು ಗೋಡೆಗೆ ಹಾಕಿಕೊಂಡವರನ್ನು ನಾನು ನೋಡಿದ್ದೇನೆ. ಬೆಲೆ ಏರಿದ ಸಂಗೀತವೆಲ್ಲ ಕೇಳುವ ಸಂಗೀತವಾಗಿ ಉಳಿದಿದೆ ಎಂದು ನಂಬಬೇಡಿ.

ಕೇಳುವವರಿಗೆ ನೆರವಾದದ್ದು ರೇಡಿಯೋ. ಜರ್ಮನಿಯ ರೇಡಿಯೋ ನಿಲಯಗಳು ಕಛೇರಿಗಳನ್ನು ಪೂರ್ತಿಯಾಗಿ ಧ್ವನಿಮುದ್ರಿಸಿ ಟೇಪನ್ನು ಜೋಪಾನ ಮಾಡಿದವು. 1971ರಲ್ಲಿ ನ್ಯೂಕ್ಲಿಯಸ್ ಬ್ರೆಮೆನ್‌ನಲ್ಲಿ ನುಡಿಸಿದ್ದು 2003ರಲ್ಲಿ ಸಿಡಿಯಾಗಿ ಬಂತು. ತಂದವರು ಅಮೆರಿಕದ ಕ್ಯೂನಿಫಾರ್ಮ್ ಎಂಬ ಪುಟ್ಟ ಕಂಪನಿ. ಸ್ಟುಡಿಯೋದಲ್ಲಿ ಹಿಡಿತವಾಗಿದ್ದ ತಂಡ ವೇದಿಕೆಯಲ್ಲಿ ಹೇಗೆ ಬಿಚ್ಚಿಕೊಳ್ಳುತ್ತಿತ್ತು ಎನ್ನುವುದಕ್ಕೆ ಅದೇ ಸಾಕ್ಷಿ. ನನ್ನನ್ನು ಕೇಳಿದರೆ ಮೊದಲ ತಟ್ಟೆಗಿಂತ ಈ ಬ್ರೆಮೆನ್ ಕಛೇರಿಯೇ ಒಂದು ತೂಕ ಹೆಚ್ಚು.

ಮಾರ್ಷಲ್ ಜೊತೆ ಮುಂದೆ ಹೋಗುವ ಮುನ್ನ ಇಯಾನ್ ಕಾರ್ ಬಾಗಿಲಿನಲ್ಲೇ ನಿಂತ ಒಬ್ಬರನ್ನು ಮಾತಾಡಿಸಬೇಕು. ಅಮಾನ್ಸಿಯೋ ಡಿಸಿಲ್ವಾ, ಮುಂಬೈಯಲ್ಲಿ ಹುಟ್ಟಿದ ಗೋವಾ ಮನೆತನದ ಗಿಟಾರ್ ವಾದಕ, ಅರವತ್ತರ ಕೊನೆಗೆ ಲಂಡನ್ ಸೇರಿದವರು. 1969ರಲ್ಲಿ ಜಮೈಕಾ ಮೂಲದ ಜೋ ಹ್ಯಾರಿಯಟ್ ಜೊತೆ ‘ಹಮ್ ದೋನೋ’ ಎಂಬ ಎಲ್‌ಪಿ ಮಾಡಿದರು, ಅದರಲ್ಲಿ ಕಾರ್ ಫ್ಲೂಗಲ್‌ಹಾರ್ನ್ ನುಡಿಸಿದ್ದಾರೆ. 1972ರಲ್ಲಿ ಡಿಸಿಲ್ವಾ ಧ್ವನಿಮುದ್ರಿಸಿದ ‘ಕೊಂಕಣ್ ಡ್ಯಾನ್ಸ್’ ಆಗ ಬಿಡುಗಡೆಯೇ ಆಗಲಿಲ್ಲ. ಅವರು 1996ರಲ್ಲಿ ತೀರಿಕೊಂಡರು, ತಟ್ಟೆ ಬಂದದ್ದು 2006ರಲ್ಲಿ. ಸಿತಾರ್, ತಬಲಾ, ಸ್ಯಾಕ್ಸೋಫೋನು, ನಡುವೆ ಈ ಗಿಟಾರ್. ಮೀಂಡನ್ನು ಗಿಟಾರಿನಲ್ಲಿ ತೋರಿಸಲು ಅವರು ಪ್ರದರ್ಶನಕ್ಕಿಳಿಯುವುದಿಲ್ಲ, ಎರಡು ಸ್ವರಗಳ ನಡುವೆ ಚೂರು ಜಾರಿ ಸುಮ್ಮನಾಗುತ್ತಾರೆ. ಕರಾವಳಿಯವರು ಈ ಸಭೆಯಲ್ಲಿದ್ದರೆ ದಯವಿಟ್ಟು ಇದನ್ನು ಹುಡುಕಿ ಕೇಳಿ. ಇನ್ನೊಬ್ಬ ಗಿಟಾರಿಗ ಗ್ಯಾರಿ ಬಾಯ್ಲ್ ಹುಟ್ಟಿದ್ದು ಪಟ್ನಾದಲ್ಲಿ. ಅವರ ‘ಐಸೊಟೋಪ್’ ತಂಡದ ಎಲ್‌ಪಿಗಳು ಗಲ್ ಎಂಬ ಸಣ್ಣ ಕಂಪನಿಯಿಂದ ಬಂದವು. ಆ ಗಲ್‌ನಲ್ಲೂ ಪಕ್ಕದ ಕೋಣೆಯಲ್ಲಿದ್ದದ್ದು ‘ಜೂಡಾಸ್ ಪ್ರೀಸ್ಟ್’. ಜಾಝ್-ರಾಕ್‌ನವರ ಜಾತಕದಲ್ಲೇ ಹೆವಿ ಮೆಟಲ್ ನೆರೆಹೊರೆ ಬರೆದಿತ್ತೇನೋ.

ಈಗ ಜರ್ಮನಿ. ಮಾರ್ಷಲ್ 1976ರಲ್ಲಿ ಮ್ಯೂನಿಕ್‌ನಲ್ಲಿ ‘ಹೆಲೆನ್ 12 ಟ್ರೀಸ್’ ಎಂಬ ತಟ್ಟೆಗೆ ನುಡಿಸಿದರು. ಹಿಂಬದಿ ಓದಿದರೆ ಕಣ್ಣರಳುತ್ತದೆ. ಮಹಾವಿಷ್ಣುವಿನ ಯಾನ್ ಹ್ಯಾಮರ್, ‘ಕ್ರೀಮ್’ನ ಜ್ಯಾಕ್ ಬ್ರೂಸ್, ಪೋಲೆಂಡಿನ ಪಿಟೀಲುಗಾರ ಝ್ಬಿಗ್ನಿಯೆವ್ ಸೈಫರ್ಟ್. ತಂಡದ ನಾಯಕ ಚಾರ್ಲಿ ಮರಿಯಾನೊ. ಅವರ ವಾದ್ಯಗಳ ಸಾಲಿನಲ್ಲಿ ಆಲ್ಟೋ ಸ್ಯಾಕ್ಸೋಫೋನ್, ಸೊಪ್ರಾನೊ, ಕೊಳಲು, ನಾಗಸ್ವರ.

ಹೌದು, ನಾಗಸ್ವರ. ಮರಿಯಾನೊ 1923ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದ ಇಟಾಲಿಯನ್ ಮೂಲದವರು. ಚಾರ್ಲ್ಸ್ ಮಿಂಗಸ್‌ನ 1963ರ ಮೇರುಕೃತಿ ‘ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ’ಯಲ್ಲಿ ಅಳುವಂಥ ಆಲ್ಟೋ ಇವರದೇ. ಅರವತ್ತರ ದಶಕದ ಕೊನೆಯ ಹೊತ್ತಿಗೆ ಮಲೇಷ್ಯಾದಲ್ಲಿ ಕೆಲಸ ಮಾಡುವಾಗ ನಾಗಸ್ವರ ಕಿವಿಗೆ ಬಿತ್ತು. ಅಲ್ಲಿ ಕಲಿಯತೊಡಗಿದರು, 1973ರಲ್ಲಿ ಭಾರತಕ್ಕೇ ಬಂದು ಪಾಠ ಮುಂದುವರಿಸಿದರು. ಐವತ್ತರ ವಯಸ್ಸು, ಮಿಂಗಸ್ ಜೊತೆ ನುಡಿಸಿದ ಹೆಸರು, ಮತ್ತೆ ಸರಳೆವರಸೆಯಿಂದ ಶುರು!

ಸ್ಯಾಕ್ಸೋಫೋನಿನವನಿಗೆ ಇದು ಸುಲಭದ ಬದಲಾವಣೆಯಲ್ಲ. ಸ್ಯಾಕ್ಸೋಫೋನಿಗೆ ಒಂದೇ ಎಲೆಯ ರೀಡು, ಮೈತುಂಬ ಕೀಲಿಗಳು. ಕೀಲಿ ಒತ್ತಿದರೆ ಸ್ವರ ತನ್ನ ಜಾಗದಲ್ಲಿ ಬಂದು ಕೂರುತ್ತದೆ. ನಾಗಸ್ವರಕ್ಕೆ ಜೋಡಿ ಎಲೆಯ ರೀಡು, ಬೆರಳಿಗೆ ಏಳು ರಂಧ್ರ, ಕೀಲಿಯ ಮಾತೇ ಇಲ್ಲ. ರಂಧ್ರವನ್ನು ಅರ್ಧ ಮುಚ್ಚಿ, ತುಟಿಯ ಬಿಗಿ ಬದಲಿಸಿ, ಉಸಿರನ್ನು ತಿದ್ದಿ ಗಮಕ ತೆಗೆಯಬೇಕು. ಮರಿಯಾನೊ ಅದರಲ್ಲಿ ವಿದ್ವಾಂಸರಾಗಲಿಲ್ಲ. ನಮ್ಮ ದೇವಸ್ಥಾನದ ವಾಲಗ ಕೇಳಿ ಬೆಳೆದ ಕಿವಿಗೆ ಅವರ ನಾಗಸ್ವರ ತುಸು ಪೆಡಸು. ಲಾಭವಾದದ್ದು ಅವರ ಸ್ಯಾಕ್ಸೋಫೋನಿಗೆ. 1973ರ ನಂತರದ ತಟ್ಟೆಗಳಲ್ಲಿ ಸೊಪ್ರಾನೊ ಕೇಳಿ, ಸ್ವರಗಳು ಮೆಟ್ಟಿಲು ಹತ್ತುವುದಿಲ್ಲ, ಜಾರುತ್ತವೆ. ಎಬರ್‌ಹಾರ್ಡ್ ವೆಬರ್‌ನ ‘ಯೆಲ್ಲೋ ಫೀಲ್ಡ್ಸ್’ (ಧ್ವನಿಮುದ್ರಣ 1975), ಮತ್ತೆ ಮಾರ್ಷಲ್ ಡ್ರಮ್ ಹಿಡಿದ ‘ಸೈಲೆಂಟ್ ಫೀಟ್’ (ಧ್ವನಿಮುದ್ರಣ 1977) ಎರಡರಲ್ಲೂ ಇದು ಸ್ಪಷ್ಟ. ಇಯಾನ್ ಕಾರ್ ಮತ್ತು ಮರಿಯಾನೊ ಒಂದೇ ವೇದಿಕೆಗೆ ಬಂದದ್ದೂ ಜರ್ಮನಿಯಲ್ಲೇ, ‘ಯುನೈಟೆಡ್ ಜಾಝ್ ಪ್ಲಸ್ ರಾಕ್ ಎನ್ಸೆಂಬಲ್’ನಲ್ಲಿ. ಇಬ್ಬರೂ ತೀರಿಕೊಂಡದ್ದು 2009ರಲ್ಲಿ.

ಮ್ಯೂನಿಕ್‌ನ ‘ಎಂಬ್ರಿಯೊ’ ಎಂಬ ತಂಡದ ಪರಿಚಯ ಈಗ ಆಗಬೇಕು. ವೈಬ್ರಫೋನ್ ಮತ್ತು ಡ್ರಮ್ ನುಡಿಸುವ ಕ್ರಿಸ್ಟಿಯಾನ್ ಬುರ್ಖಾರ್ಡ್ 1969ರಲ್ಲಿ ಕಟ್ಟಿದ್ದು. ಇವರ 1973ರ ‘ವೀ ಕೀಪ್ ಆನ್’ನಲ್ಲಿ ಮರಿಯಾನೊ ಇದ್ದಾರೆ. ಎಪ್ಪತ್ತರ ದಶಕದ ಮರೆತ ಎಲ್‌ಪಿಗಳಲ್ಲಿ ಒಂದನ್ನೇ ಮನೆಗೆ ಒಯ್ಯಬಹುದು ಎಂದರೆ ನಾನು ಬಹುಶಃ ಇದನ್ನೇ ಎತ್ತಿಕೊಂಡೇನು. ದೊಡ್ಡ ಕಂಪನಿಗಳ ಸಹವಾಸ ಸಾಕಾಗಿ ಎಂಬ್ರಿಯೊ ಮತ್ತು ಕೆಲವು ತಂಡಗಳು 1976ರಲ್ಲಿ ಏಪ್ರಿಲ್ ಎಂಬ ತಮ್ಮದೇ ಕಂಪನಿ ಮಾಡಿಕೊಂಡವು. ಆ ಹೆಸರಿಗೆ ಸಿಬಿಎಸ್ ಕಂಪನಿ ತಕರಾರು ತೆಗೆದ ಮೇಲೆ ‘ಶ್ನೇಬಾಲ್’, ಅಂದರೆ ಹಿಮದುಂಡೆ, ಎಂದು ಬದಲಾಯಿಸಿಕೊಂಡವು. 1978ರಲ್ಲಿ ತಂಡ ಬಸ್ಸು ಹತ್ತಿ ಇರಾನ್, ಆಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಭಾರತಕ್ಕೆ ಬಂತು. ದಾರಿಯುದ್ದಕ್ಕೂ ಅಲ್ಲಲ್ಲಿನ ವಾದಕರ ಜೊತೆ ನುಡಿಸಿದ್ದು ‘ಎಂಬ್ರಿಯೋಸ್ ರೈಸೆ’ ಎಂಬ ಜೋಡಿ ತಟ್ಟೆಯಾಯಿತು. ಆ ಯಾತ್ರೆಯ ಚಲನಚಿತ್ರವೂ ಇದೆ.

1980ರಲ್ಲಿ ಶ್ನೇಬಾಲ್‌ನಿಂದ ‘ಲೈಫ್’ ಎಂಬ ಎಲ್‌ಪಿ ಹೊರಬಿತ್ತು. ನುಡಿಸಿದವರು: ಎಂಬ್ರಿಯೊ, ಚಾರ್ಲಿ ಮರಿಯಾನೊ, ಮತ್ತು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್.

ಟಿ.ಎ.ಎಸ್. ಮಣಿಯವರು 1964ರಲ್ಲಿ ಈ ಊರಿನಲ್ಲಿ ಕಟ್ಟಿದ ಸಂಸ್ಥೆ ಅದು. ಅವರ ಮೃದಂಗ, ಆರ್.ಎ. ರಮಾಮಣಿಯವರ ಗಾಯನ. 1982ರಲ್ಲಿ ಎಂಬ್ರಿಯೊದಿಂದ ಬೇರೆಯಾದವರ ‘ಡಿಸಿಡೆಂಟನ್’ ಜೊತೆ ‘ಜರ್ಮನಿಸ್ತಾನ್’, 1983ರಲ್ಲಿ ಇಸಿಎಂ ಕಂಪನಿಗೆ ಮರಿಯಾನೊ ಜೊತೆ ‘ಜ್ಯೋತಿ’. ದಶಕದ ಲೆಕ್ಕದಲ್ಲಿ ನಾನು ಗೆರೆ ದಾಟಿದ್ದೇನೆ, ಆದರೆ ಎಪ್ಪತ್ತರಲ್ಲಿ ಹೊರಟ ಬಸ್ಸು ತಲುಪಿದ್ದು ಇಲ್ಲಿಗೇ.

‘ಜ್ಯೋತಿ’ಯಲ್ಲಿ ಡ್ರಮ್ ಇಲ್ಲ, ಗಿಟಾರ್ ಇಲ್ಲ. ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ, ಕೊನ್ನಕ್ಕೋಲು, ರಮಾಮಣಿಯವರ ಕಂಠ, ಸ್ಯಾಕ್ಸೋಫೋನು, ಕೊಳಲು. ಶುದ್ಧಿವಾದಿಗಳು ಇದನ್ನು ಜಾಝ್-ರಾಕ್ ಎನ್ನಲಾರರು, ನಾನೂ ಜಗಳಕ್ಕೆ ಬರುವುದಿಲ್ಲ. ಆದರೆ ಎಪ್ಪತ್ತರ ದಶಕದ ಜಾಝ್-ರಾಕ್ ಯಾವುದರ ಹಿಂದೆ ಬಿದ್ದಿತ್ತೋ ಅದು ಇಲ್ಲಿ ಸಿಕ್ಕಿದೆ. ಮಹಾವಿಷ್ಣುವಿನ ‘ಬರ್ಡ್ಸ್ ಆಫ್ ಫೈರ್’ ಹದಿನೆಂಟು ಎಣಿಕೆಯಲ್ಲಿ ನಡೆಯುತ್ತದೆ, ಕೇಳುವಾಗ ಅದರ ಬೆವರೂ ಕಾಣುತ್ತದೆ. ಇಲ್ಲಿ ಲಯದ ಲೆಕ್ಕ ಅದಕ್ಕಿಂತ ಕಗ್ಗಂಟಾದರೂ ಯಾರ ಹುಬ್ಬೂ ಗಂಟಿಕ್ಕುವುದಿಲ್ಲ. ‘ಲೈಫ್’ನಲ್ಲಿ ಎಂಬ್ರಿಯೊದವರು ಕೆಲವೆಡೆ ಅತಿಥಿಗಳ ಹಿಂದೆ ಓಡುತ್ತಿದ್ದಾರೆ ಅನ್ನಿಸುತ್ತದೆ. ‘ಜ್ಯೋತಿ’ಯಲ್ಲಿ ಮರಿಯಾನೊ ಓಡುವುದಿಲ್ಲ. ರಮಾಮಣಿಯವರು ಒಂದು ಸಂಚಾರ ಮುಗಿಸಿದಾಗ ಅದನ್ನು ಅನುಕರಿಸಲು ಹೋಗದೆ, ಅದರ ಕೊನೆಯ ಸ್ವರ ಹಿಡಿದು ತಮ್ಮ ಮಾತು ತಾವು ಆಡುತ್ತಾರೆ. ಅಷ್ಟು ವರ್ಷ ನಾಗಸ್ವರ ಊದಿದ್ದರ ಫಲ ಇದು ಎಂದು ನನ್ನ ಎಣಿಕೆ.

ಮರೆತದ್ದೆಲ್ಲ ಮಾಣಿಕ್ಯವಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ದಶಕದ ಕೊನೆಗೆ ಬಂದ ಫ್ಯೂಷನ್ ತಟ್ಟೆಗಳಲ್ಲಿ ಬಹುಪಾಲು ಬೆರಳಿನ ಕಸರತ್ತು, ಮರೆತದ್ದೇ ಒಳ್ಳೆಯದಾಯಿತು. ಹುಡುಕಲು ಹೊರಟವರಿಗೆ ಇನ್ನು ಕೆಲವು ಹೆಸರು ಕೊಡುತ್ತೇನೆ, ವಿವರಕ್ಕೆ ಸಮಯವಿಲ್ಲ: ಇಟಲಿಯ ತುರಿನ್‌ನ ‘ಆರ್ತಿ ಎ ಮೆಸ್ತಿಯೆರಿ’ಯ ‘ತಿಲ್ತ್’ (1974), ಅದರ ಡ್ರಮ್ಮರ್ ಫುರಿಯೊ ಕಿರಿಕೊಗೆ ಎಷ್ಟು ಕೈಗಳೋ ದೇವರೇ ಬಲ್ಲ; ಪ್ರಾಗ್‌ನ ‘ಜಾಝ್ ಕ್ಯೂ’ದ ‘ಸಿಂಬಯೋಸಿಸ್’; ಡೆನ್ಮಾರ್ಕಿನ ‘ಸೀಕ್ರೆಟ್ ಆಯ್ಸ್ಟರ್’; ಮರಿಯಾನೊ ಬಾಸ್ಟನ್‌ನಲ್ಲಿ ಸೇರಿದ್ದ, 1970ರಲ್ಲಿ ಒಂದು ತಟ್ಟೆ ತಂದ ‘ಆಸ್ಮೋಸಿಸ್’.

ಕೊನೆಯದಾಗಿ ಒಂದು ಕೋರಿಕೆ. ‘ಜ್ಯೋತಿ’ ಅಂಗಡಿಯಲ್ಲಿ ಸಿಗುವುದು ಜಾಝ್ ಖಾನೆಯಲ್ಲಿ, ಮರಿಯಾನೊ ಹೆಸರಿನಡಿ. ಕರ್ನಾಟಕ ಸಂಗೀತದ ಖಾನೆಯಲ್ಲಿ ಹುಡುಕಿದರೆ ಸಿಗುವ ಭರವಸೆ ಇಲ್ಲ. ಆ ವರ್ಷಗಳಲ್ಲಿ ಹೊರದೇಶದ ಸಂಗೀತಗಾರರು ಈ ಊರಿಗೆ ಬಂದು ಸಭಾಂಗಣಗಳಲ್ಲಿ, ಮನೆಗಳಲ್ಲಿ ನಮ್ಮವರ ಜೊತೆ ನುಡಿಸಿದ್ದನ್ನು ಕೇಳಿದವರು ಇಲ್ಲಿ ಕುಳಿತಿರಬಹುದು. ಯಾರಾದರೂ ಸ್ಪೂಲ್‌ನಲ್ಲೋ ಕ್ಯಾಸೆಟ್ಟಿನಲ್ಲೋ ಹಿಡಿದಿಟ್ಟಿದ್ದರೆ, ಮೊದಲು ಅದನ್ನು ಹಳೆಯ ಟೇಪ್ ರೆಕಾರ್ಡರಿಗೆ ಹಾಕಿ ನೋಡಬೇಡಿ, ಬೂಷ್ಟು ಹಿಡಿದಿದ್ದರೆ ಹರಿದುಹೋಗುತ್ತದೆ. ಡಬ್ಬಿಯ ಮೇಲೆ ಬರೆದ ತಾರೀಖು, ಹೆಸರುಗಳ ಫೋಟೋ ತೆಗೆಯಿರಿ. ಘಟ ಯಾರದು, ತಂಬೂರಿ ಹಿಡಿದವರು ಯಾರು, ನೆನಪಿದ್ದಷ್ಟನ್ನು ಇವತ್ತೇ ಒಂದು ಹಾಳೆಯಲ್ಲಿ ಬರೆದಿಡಿ. ಟೇಪನ್ನು ಶುದ್ಧ ಮಾಡಿ ಡಿಜಿಟಲ್‌ಗೆ ಇಳಿಸಬಲ್ಲವರು ಇದ್ದಾರೆ, ವಿಳಾಸ ನಾನು ಕೊಡುತ್ತೇನೆ. ಉಪನ್ಯಾಸ ಮುಗಿದ ಮೇಲೆ ಕಾಫಿ ಇದೆಯಂತೆ, ಅಲ್ಲೇ ಸಿಗುತ್ತೇನೆ.